ಮನೆಯ ಲೆಕ್ಕ ಎಲ್ಲರಿಗೂ ಕಾಣಬೇಕು

ನಮ್ಮ ಮನೆಯಲ್ಲಿ ಅಮ್ಮನ ಡೇರಿ ಪುಸ್ತಕವನ್ನು ಬೀರುವಿನೊಳಗೆ ಇಟ್ಟದ್ದನ್ನು ನಾನು ಎಂದೂ ಕಂಡಿಲ್ಲ. ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ದಾರ ಕಟ್ಟಿ ನೇತುಹಾಕಿರುವ ಆ ಪುಸ್ತಕದಲ್ಲಿ ಬೆಳಗ್ಗೆ ಎಷ್ಟು ಲೀಟರ್ ಹಾಕಿದೆವು, ಸಂಜೆ ಎಷ್ಟು, ಫ್ಯಾಟ್ ಎಷ್ಟು ಬಂತು, ಎಸ್‌ಎನ್‌ಎಫ್ (ಹಾಲಿನ ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಬಂತು ಎಂಬುದೆಲ್ಲ ಸಾಲುಸಾಲಾಗಿ ಇರುತ್ತದೆ. ಹದಿನೈದು ದಿನಕ್ಕೊಮ್ಮೆ ಬಟವಾಡೆ ಆಗುವಾಗ ಪಶು ಆಹಾರದ ಬಾಬ್ತು ಎಷ್ಟು ಮುರಿದುಕೊಂಡರು, ಉಳಿದದ್ದು ಎಷ್ಟು ಎಂಬುದೂ ಅದರಲ್ಲೇ ಗೊತ್ತಾಗುತ್ತದೆ. ಅಪ್ಪ ಅದನ್ನು ಓದುತ್ತಾರೆ, ತಮ್ಮ ಓದುತ್ತಾನೆ, ಅಕ್ಷರ ಬಾರದ ಅಜ್ಜಿ ಯಾರನ್ನಾದರೂ ಕೂರಿಸಿಕೊಂಡು ಓದಿಸಿ ಕೇಳುತ್ತಾರೆ. ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನ ಎಷ್ಟು ತಿಂಗಳಿನದು ಬಾಕಿ ಇದೆ ಎಂಬುದು ಮಾತ್ರ ಪುಸ್ತಕದಲ್ಲಿಲ್ಲ. ಅದು ಅಮ್ಮನ ಬಾಯಲ್ಲಿದೆ. ಆ ದುಡ್ಡು ಕೈಗೆ ಬರುವ ಮೊದಲೇ ನನ್ನ ಕಾಲೇಜಿನ ಫೀಸಿಗೆ, ದಿನಸಿ ಅಂಗಡಿಯ ಬಾಕಿಗೆ, ಅಮ್ಮನ ಮಹಿಳಾ ಸ್ವಸಹಾಯ ಸಂಘದ ಕಂತಿಗೆ ಎಂದು ಹಂಚಿಕೆಯಾಗಿ ಮುಗಿದಿರುತ್ತಿತ್ತು.

ಅಪ್ಪನ ರೇಷ್ಮೆ ಗೂಡಿನ ದುಡ್ಡಿನ ರೀತಿ ಬೇರೆ. ನಮ್ಮದು ವೇಮಗಲ್ ಕಡೆಯ ಹಳ್ಳಿ. ಹಿಪ್ಪುನೇರಳೆ ತೋಟವಿದೆ, ವರ್ಷಕ್ಕೆ ಐದಾರು ಬೆಳೆ ರೇಷ್ಮೆ ಎಬ್ಬಿಸುತ್ತೇವೆ. ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ಹೊತ್ತಿನ ನಿದ್ದೆಯಿಂದ, ಎದ್ದ ಮೇಲೆ ಹಗಲು ರಾತ್ರಿ ಸೊಪ್ಪು ಹಾಕುವವರು ನಾವೆಲ್ಲರೂ, ಹಣ್ಣಾದ ಹುಳುವನ್ನು ಆರಿಸಿ, ಅದು ಗೂಡು ಕಟ್ಟುವ ಚಂದ್ರಿಕೆಗೆ ಬಿಡುವವರು ಅಮ್ಮ ಮತ್ತು ನಾನು, ಗೂಡು ಬಿಡಿಸುವಾಗ ಅಕ್ಕಪಕ್ಕದ ಮನೆಯವರೂ ಬರುತ್ತಾರೆ. ಆದರೆ ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯುವವರು ಅಪ್ಪ. ಕಿಲೋಗೆ ಎಷ್ಟಕ್ಕೆ ಹೋಯಿತು ಎಂಬುದು ಸಂಜೆಯ ಹೊತ್ತಿಗೆ ಊರಿಗೆಲ್ಲ ತಿಳಿಯುತ್ತಿತ್ತು. ಬಂದ ದುಡ್ಡು ಎಲ್ಲಿಗೆ ಹೋಯಿತು ಎಂಬುದು ಮನೆಯೊಳಗೆ ಇದ್ದ ನಮಗೂ ತಿಳಿಯುತ್ತಿರಲಿಲ್ಲ. ಕೇಳಬೇಕೆಂದು ಆಗ ಯಾರಿಗೂ ತೋಚಲಿಲ್ಲ. ಮನೆ ಎಂದರೆ ಹಾಗೇ ಇರುತ್ತದೆ ಎಂದುಕೊಂಡು ನಾನು ಬೆಳೆದೆ. ಇದು ಹೀಗೇ ಇರಬೇಕಾಗಿಲ್ಲ ಎಂದು ನನಗೆ ಗಟ್ಟಿಯಾಗಿ ಅನಿಸಿದ್ದು ಕೆಲಸಕ್ಕೆ ಸೇರಿ, ಸಂಬಳದ ಚೀಟಿ ಎಂಬುದನ್ನು ಓದಲು ಕಲಿತ ಮೇಲೆ.

ಬಿ.ಕಾಂ. ಮುಗಿಸಿದ ಮೇಲೆ ಕೆಲವು ತಿಂಗಳು ಯುವನಿಧಿಯ 3,000 ರೂಪಾಯಿ ಬರುತ್ತಿತ್ತು. ನಂತರ ನಮ್ಮ ಸೀಮೆಯಲ್ಲೇ ಇರುವ, ವಾಹನಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯ ಎಚ್‌ಆರ್ ವಿಭಾಗದಲ್ಲಿ ಸಹಾಯಕಿಯಾಗಿ ಸೇರಿದೆ. ಕೋಲಾರ ಜಿಲ್ಲೆಯಲ್ಲಿ ಈಗ ಇದೇನೂ ವಿಶೇಷವಲ್ಲ. ನರಸಾಪುರ, ವೇಮಗಲ್, ಮಾಲೂರು ಎಂದರೆ ಈಗ ಕೈಗಾರಿಕಾ ಪ್ರದೇಶಗಳ ಹೆಸರು. ಮದ್ರಾಸ್ ರಸ್ತೆ ಎಂದು ನಾವು ಕರೆಯುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಬೆಳಗಿನ ಜಾವ ನಿಂತರೆ ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಕೆಜಿಎಫ್ ಕಡೆಗಳಿಂದ ಹುಡುಗ ಹುಡುಗಿಯರನ್ನು ತುಂಬಿಕೊಂಡು ಬರುವ ಕಂಪನಿ ಬಸ್ಸುಗಳ ಸಾಲು ಕಾಣುತ್ತದೆ. ಅವರಲ್ಲಿ ಹೆಚ್ಚಿನವರ ಮನೆಯಲ್ಲಿ ತಿಂಗಳ ಸಂಬಳ ಎಂಬುದು ಇವರ ತಲೆಗೇ ಮೊದಲು. ಅದಕ್ಕೂ ಹಿಂದೆ ಹಾಲು, ಗೂಡು, ಟೊಮ್ಯಾಟೊ, ಕೂಲಿ. ಟೊಮ್ಯಾಟೊದಂಥ ಬೆಳೆಯ ದುಡ್ಡು ಹೇಗಿರುತ್ತದೆ ಎಂಬುದನ್ನು ಕೋಲಾರದವರಿಗೆ ಹೇಳಬೇಕಾಗಿಲ್ಲ. 2023ರ ಜುಲೈನಲ್ಲಿ 15 ಕಿಲೋ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದ್ದನ್ನು ಕಂಡವರೇ, ಬೇರೆ ವರ್ಷಗಳಲ್ಲಿ ಕೀಳುವ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದದ್ದನ್ನೂ ಕಂಡಿದ್ದಾರೆ. ಅಂಥ ಮನೆಗಳಿಗೆ, ಪ್ರತಿ ತಿಂಗಳೂ ಒಂದೇ ತಾರೀಕಿನ ಸುಮಾರಿಗೆ ಒಂದೇ ಮೊತ್ತ ಬರುವುದು ಎಂಬುದೇ ಹೊಸ ಅನುಭವ.

ಆ ಮೊತ್ತ ಹೇಗೆ ಆಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನನ್ನ ಓರಗೆಯವರಲ್ಲಿ ಬಹಳ ಮಂದಿ ಇದನ್ನು ಓದದೆಯೇ ವರ್ಷಗಟ್ಟಲೆ ದುಡಿಯುತ್ತಾರೆ. ನನಗೆ ಕೊಟ್ಟ ಆಫರ್ ಲೆಟರಿನಲ್ಲಿ ವರ್ಷಕ್ಕೆ 2 ಲಕ್ಷ 80 ಸಾವಿರ ಎಂದಿತ್ತು. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 23 ಸಾವಿರ ದಾಟುತ್ತದೆ. ಚೀಟಿಯಲ್ಲಿರುವ ಒಟ್ಟು ಸಂಬಳ 19,500. ಉಳಿದದ್ದು ನನ್ನ ಹೆಸರಿನಲ್ಲಿ ಕಂಪನಿ ಕಟ್ಟುವ ಪಿಎಫ್ (ಭವಿಷ್ಯನಿಧಿ), ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ), ಗ್ರಾಚ್ಯುಯಿಟಿ (ಕೆಲಸ ಬಿಡುವಾಗ ಸೇವೆಗೆ ಸಿಗುವ ಮೊತ್ತ), ಬೋನಸ್ ಎಲ್ಲ ಸೇರಿದ್ದು. 19,500ರಲ್ಲಿ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 15,000. ಅದರ ಶೇ 12, ಅಂದರೆ 1,800 ರೂಪಾಯಿ, ಪಿಎಫ್‌ಗೆ ಹೋಗುತ್ತದೆ. ಒಟ್ಟು ಸಂಬಳದ ಶೇ 0.75ರಂತೆ 147 ರೂಪಾಯಿ ಇಎಸ್‌ಐಗೆ ಹೋಗುತ್ತದೆ. ನಮ್ಮ ರಾಜ್ಯದಲ್ಲಿ ವೃತ್ತಿ ತೆರಿಗೆ ಈಗ 25 ಸಾವಿರ ಮತ್ತು ಅದಕ್ಕೆ ಮೇಲ್ಪಟ್ಟ ಸಂಬಳಕ್ಕೆ ಮಾತ್ರ ಇರುವುದರಿಂದ ನನಗೆ ಅದಿಲ್ಲ. ಕ್ಯಾಂಟೀನು, ಬಸ್ಸು ಸೇರಿ ಸಾವಿರ ಮುರಿದರೆ ಕೈಗೆ ಸಿಗುವುದು 16,553. ಕಂಪನಿಯೂ ನನ್ನಷ್ಟೇ 1,800 ಕಟ್ಟುತ್ತದೆ, ಆದರೆ ಅದರಲ್ಲಿ 1,250 ಪಿಂಚಣಿ ಖಾತೆಗೆ ಹೋಗಿ, 550 ಮಾತ್ರ ನನ್ನ ಪಿಎಫ್ ಖಾತೆಗೆ ಬೀಳುತ್ತದೆ. 2024-25ಕ್ಕೆ ಪಿಎಫ್ ಬಡ್ಡಿ ಶೇ 8.25. ಇಎಸ್‌ಐ ಕಾರ್ಡಿನಲ್ಲಿ ನನ್ನೊಬ್ಬಳಿಗೆ ಮಾತ್ರವಲ್ಲದೆ, ತಿಂಗಳ ಆದಾಯ 9,000 ಮೀರದೆ ನನ್ನನ್ನೇ ಅವಲಂಬಿಸಿದ್ದರೆ ತಂದೆ ತಾಯಿಗೂ ಚಿಕಿತ್ಸೆ ಸಿಗುತ್ತದೆ ಎಂಬುದು ನನಗೆ ಈ ಕೆಲಸಕ್ಕೆ ಬಂದ ಮೇಲೆಯೇ ತಿಳಿಯಿತು.

ಈ ಚೀಟಿಯನ್ನು ಮೊದಲ ಬಾರಿ ಮನೆಯಲ್ಲಿ ತೋರಿಸಿದಾಗ ಅದನ್ನು ಎಲ್ಲರಿಗಿಂತ ಬೇಗ ಅರ್ಥ ಮಾಡಿಕೊಂಡವರು ಅಮ್ಮ. ಏಳನೇ ತರಗತಿ ಓದಿರುವ ಅವರಿಗೆ ಬೇಸಿಕ್, ಗ್ರಾಸ್ ಎಂಬ ಶಬ್ದಗಳು ಹೊಸವು, ಆದರೆ ಬರಬೇಕಾದದ್ದು ಎಷ್ಟು, ಮುರಿದುಕೊಂಡದ್ದು ಯಾವುದಕ್ಕೆ, ಕೈಗೆ ಬಂದದ್ದು ಎಷ್ಟು ಎಂಬ ಮೂರು ಅಂಕಣಗಳನ್ನು ಅವರು ಇಪ್ಪತ್ತು ವರ್ಷದಿಂದ ಡೇರಿ ಪುಸ್ತಕದಲ್ಲಿ ಓದುತ್ತಿದ್ದಾರೆ. ಬೆರಳಿಟ್ಟು ಒಂದೊಂದೇ ಸಾಲಿನ ಬಗ್ಗೆ ಕೇಳಿದರು. ಪಿಎಫ್‌ನ ಸಾಲಿಗೆ ಬಂದಾಗ, "ಇದು ಹೋದ ದುಡ್ಡಾ, ಇರೋ ದುಡ್ಡಾ?" ಎಂದರು. ಇರೋ ದುಡ್ಡು ಎಂದೆ. "ಹಂಗಾದ್ರೆ ಅದರ ಪುಸ್ತಕ ಎಲ್ಲಿ?" ಎಂದರು. ಫೋನಿನಲ್ಲಿ ಸರ್ಕಾರದ ಉಮಂಗ್ ಆ್ಯಪ್ ತೆರೆದು ಪಿಎಫ್ ಪಾಸ್‌ಬುಕ್ ತೋರಿಸಿದೆ. ಪ್ರತಿ ತಿಂಗಳ ನಮೂದೂ ಬಂದಿದೆಯೇ ಎಂದು ಈಗಲೂ ಆಗಾಗ ತೆರೆಸಿ ನೋಡುತ್ತಾರೆ. ಕಂಪನಿ ಕಟ್ಟಿದೆಯೇ ಇಲ್ಲವೇ ಎಂಬುದನ್ನು ಹೀಗೆ ನೋಡುತ್ತಿರುವುದು ಎಷ್ಟು ಮುಖ್ಯ ಎಂಬುದನ್ನು ನಮ್ಮ ವಿಭಾಗದ ಕಿಟಕಿಯ ಮುಂದೆ ಕುಳಿತವಳಾಗಿ ನಾನು ಬಲ್ಲೆ.

ತಿಂಗಳ 7ನೇ ತಾರೀಕು ಕಳೆದ ಮೇಲೆ ಆ ಕಿಟಕಿಗೆ ಜನ ಬರುತ್ತಾರೆ. ಓಟಿ, ಅಂದರೆ ಹೆಚ್ಚುವರಿ ಕೆಲಸ, ಮಾಡಿದ ಗಂಟೆಗೆ ದುಪ್ಪಟ್ಟು ಕೂಲಿ ಕೊಡಬೇಕೆಂಬುದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇದ್ದದ್ದು, ಆದರೆ ಅದನ್ನು ಕೇಳಲು ಬರುವವರು ತಗ್ಗಿದ ದನಿಯಲ್ಲಿ, ಉಪಕಾರ ಕೇಳುವವರಂತೆ ಕೇಳುತ್ತಾರೆ. ಏಜೆನ್ಸಿ ಮೂಲಕ ಸೇರಿದವರಿಗಂತೂ ತಮ್ಮ ಸಂಬಳ ಕೊಡುವವರು ಯಾರು ಎಂಬುದೇ ಸ್ಪಷ್ಟವಿರುವುದಿಲ್ಲ. 2020ರ ಡಿಸೆಂಬರ್ 12ರಂದು ನರಸಾಪುರದ ಐಫೋನ್ ಜೋಡಿಸುವ ಕಾರ್ಖಾನೆಯಲ್ಲಿ ಸಂಬಳದ ವಿಷಯಕ್ಕೆ ಕಾರ್ಮಿಕರ ಗಲಾಟೆ ನಡೆದದ್ದು ಇಡೀ ದೇಶಕ್ಕೆ ಸುದ್ದಿಯಾಯಿತು. ಗಾಜು ಒಡೆದದ್ದು, ವಾಹನ ಉರುಳಿಸಿದ್ದು ಎಲ್ಲರಿಗೂ ನೆನಪಿದೆ. ಆಮೇಲೆ ಕಂಪನಿಯೇ, ಕೆಲವು ಕಾರ್ಮಿಕರಿಗೆ ಸಂಬಳ ಸರಿಯಾಗಿ, ಸಕಾಲಕ್ಕೆ ಸಂದಿಲ್ಲವೆಂದು ಒಪ್ಪಿಕೊಂಡು ಕ್ಷಮೆ ಕೇಳಿದ್ದು ಅಷ್ಟಾಗಿ ನೆನಪಿಲ್ಲ. ಒಡೆದದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ದುಡಿದವನಿಗೆ ತನ್ನ ಲೆಕ್ಕ ಕಾಣದೆ ಹೋದಾಗ ಎಂಥ ಕತ್ತಲೆ ಕವಿಯುತ್ತದೆ ಎಂಬುದು ಈ ಕಿಟಕಿಯ ಹಿಂದೆ ಕುಳಿತ ಮೇಲೆ ನನಗೆ ಅರ್ಥವಾಗಿದೆ. ನಮ್ಮ ವಿಭಾಗದಲ್ಲೇ ಕೆಲಸ ಮಾಡುವ, ಕೆಜಿಎಫ್‌ನ ಕಡೆಯಿಂದ ಬರುವ ಅಕ್ಕ ಒಬ್ಬರಿದ್ದಾರೆ. ಅವರ ತಾತ ಚಿನ್ನದ ಗಣಿಯಲ್ಲಿ ದುಡಿದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ, ಬರಬೇಕಾದ ಬಾಕಿಗಾಗಿ ಊರಿಗೆ ಊರೇ ಅಲೆದದ್ದನ್ನು ಕೇಳುತ್ತಾ ಬೆಳೆದವರು. ಕೆಲಸ ಬಿಟ್ಟ ಕೂಡಲೇ ಪಿಎಫ್ ಬಿಡಿಸಿಕೊಡಿ ಎಂದು ಬರುವ ಹುಡುಗರನ್ನು ಅವರು ಸುಮ್ಮನೆ ಕಳುಹಿಸುವುದಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಪಿಎಫ್‌ನ ಕಾಯಂ ಸಂಖ್ಯೆಯಾದ ಯುಎಎನ್ ಒಂದೇ ಇದ್ದರೆ ಹೊಸ ಕೆಲಸಕ್ಕೆ ಖಾತೆಯನ್ನು ವರ್ಗಾಯಿಸಿಕೊಳ್ಳಬಹುದು, ಸೇವೆಯ ವರ್ಷಗಳು ಕೂಡುತ್ತಾ ಹೋಗುತ್ತವೆ, ಹತ್ತು ವರ್ಷ ತುಂಬಿದರೆ ಪಿಂಚಣಿಗೆ ಅರ್ಹತೆ ಬರುತ್ತದೆ ಎಂದು ತಾಳ್ಮೆಯಿಂದ ಹೇಳುತ್ತಾರೆ. ಕೇಳುವವರು ಕಡಿಮೆ.

ಅವರು ಕೇಳದಿರುವುದಕ್ಕೆ ಕಾರಣವಿದೆ. ಬಿಡಿಸಿಕೊಂಡ ಪಿಎಫ್ ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸಿದರೆ ಬಹುಪಾಲು ಉತ್ತರ ಫೋನಿನೊಳಗೆ ಇರುತ್ತದೆ: ಬೈಕಿನ ಕಂತು, ಫೋನಿನ ಕಂತು, ಆ ಕಂತು ಕಟ್ಟಲು ಆ್ಯಪಿನಲ್ಲಿ ತೆಗೆದ ಸಾಲದ ಕಂತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತರುವವರೆಗೆ ಅದೂ ಒಂದು ಬಾಬ್ತಾಗಿತ್ತು. ಒಬ್ಬ ಹುಡುಗ ಸಂಬಳದ ಸರ್ಟಿಫಿಕೇಟ್ ಕೇಳಲು ಬಂದಿದ್ದ. ಇನ್ನೂ ಇಪ್ಪತ್ತೆರಡು ತುಂಬದ, ಕೆಲಸದಲ್ಲಿ ಚುರುಕಾದ ಹುಡುಗ. ಮೂರು ಕಡೆ ಕಂತು ನಡೆಯುತ್ತಿತ್ತು, ನಾಲ್ಕನೆಯದಕ್ಕೆ ಅರ್ಜಿ ಹಾಕಲು ಸರ್ಟಿಫಿಕೇಟ್ ಬೇಕಿತ್ತು. ಮನೆಯಲ್ಲಿ ಗೊತ್ತೇ ಎಂದು ಕೇಳಿದೆ. "ಅವರಿಗೆ ಯಾಕೆ ಟೆನ್ಶನ್ ಕೊಡೋದು ಮೇಡಂ" ಎಂದ. ಮನೆಯವರ ಮೇಲೆ ಪ್ರೀತಿ ಇದ್ದುದರಿಂದಲೇ ಹಾಗೆಂದ, ಅದರಲ್ಲಿ ನನಗೆ ಅನುಮಾನವಿಲ್ಲ. ಅವನ ತಾಯಿ ಸಂಘದ ಕಂತಿಗೆ ನೂರು ರೂಪಾಯಿ ಕಡಿಮೆಯಾದರೆ ಹತ್ತು ಮಂದಿ ಹೆಂಗಸರ ಎದುರು ಉತ್ತರ ಹೇಳಬೇಕು. ಅವನ ಸಾಲ, ಕಂತು ತಪ್ಪಿ ವಸೂಲಿಯವರ ಫೋನು ಮನೆಗೆ ಹೋಗುವ ದಿನದವರೆಗೂ, ಯಾರ ಕಣ್ಣಿಗೂ ಬೀಳುವುದಿಲ್ಲ.

ನಮ್ಮ ತಲೆಮಾರಿನವರು ಬಹಳ ಬೆಲೆ ಕೊಡುವ ಮಾತೊಂದಿದೆ: ನನ್ನ ದುಡ್ಡು, ನನ್ನ ಇಷ್ಟ, ಯಾರೂ ಕೇಳುವ ಹಾಗಿಲ್ಲ. ಈ ಮಾತಿನ ಮೊದಲ ಅರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಹೆಣ್ಣುಮಗಳೊಬ್ಬಳ ಸಂಬಳ ಅವಳ ಹೆಸರಿನ ಖಾತೆಗೇ ಬರಬೇಕು, ಕಾರ್ಡು ಅವಳ ಕೈಯಲ್ಲೇ ಇರಬೇಕು, ಪಿನ್ ನಂಬರ್ ಅವಳಿಗೆ ಮಾತ್ರ ಗೊತ್ತಿರಬೇಕು. ನಮ್ಮ ಲೈನಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳ ಎಟಿಎಂ ಕಾರ್ಡು ಅವಳ ಅಣ್ಣನ ಜೇಬಿನಲ್ಲಿರುತ್ತಿತ್ತು. ಸಂಬಳ ಬಿದ್ದ ರಾತ್ರಿಯೇ ಅವನು ಎಲ್ಲವನ್ನೂ ತೆಗೆದುಬಿಡುತ್ತಿದ್ದ. ಬಸ್ಸಿಗೆ ಶಕ್ತಿ ಯೋಜನೆ ಇದ್ದುದರಿಂದ ಊರಿಗೆ ಹೋಗಿ ಬರುವುದಕ್ಕಾದರೂ ಅವಳು ಅವನ ಮುಂದೆ ಕೈಚಾಚಬೇಕಾಗಿರಲಿಲ್ಲ. ಅವಳು ಕೋಲಾರದಲ್ಲಿ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು, ಸಂಬಳವನ್ನು ಅದಕ್ಕೆ ಬದಲಾಯಿಸಿಕೊಡಿ ಎಂದು ಅರ್ಜಿ ಕೊಟ್ಟಾಗ, ಮನೆಯಲ್ಲಿ ತಿಳಿಸಿದ್ದೀಯಾ ಎಂದು ನಾನು ಕೇಳಲಿಲ್ಲ. ಅಂಥ ಮನೆಯಲ್ಲಿ ಮುಚ್ಚಿಡುವುದು ಅವಳ ರಕ್ಷಣೆ. ಬಿಚ್ಚಿಟ್ಟದ್ದನ್ನು ಕಿತ್ತುಕೊಳ್ಳುವವರ ಮುಂದೆ ಬಿಚ್ಚಿಡು ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ.

ಆದರೆ ಅವಳ ಸಂಗತಿಯನ್ನು ಯೋಚಿಸುತ್ತಾ ಹೋದಾಗಲೇ ನನಗೆ ನಮ್ಮ ಮನೆಗಳ ಪದ್ಧತಿ ಬೇರೆಯಾಗಿ ಕಂಡಿತು. ನಮ್ಮಲ್ಲಿ ಹೆಂಗಸರ ದುಡ್ಡು ಯಾವಾಗಲೂ ಬಯಲಲ್ಲಿರುತ್ತದೆ. ಡೇರಿ ಪುಸ್ತಕ ಮೊಳೆಯ ಮೇಲಿರುತ್ತದೆ, ಸಂಘದ ಲೆಕ್ಕ ವಾರದ ಸಭೆಯಲ್ಲಿ ಗಟ್ಟಿಯಾಗಿ ಓದಲ್ಪಡುತ್ತದೆ, ಗೃಹಲಕ್ಷ್ಮಿಯ 2,000 ಬಂದ ದಿನ ಇಡೀ ಬೀದಿಗೆ ಗೊತ್ತಾಗುತ್ತದೆ. ಬಯಲಲ್ಲಿರುವ ದುಡ್ಡಿನ ಮೇಲೆ ಎಲ್ಲರ ಹಕ್ಕೂ ಇರುತ್ತದೆ. ಅಪ್ಪ ಕೇಳಬಹುದು, ಮಗ ಕೇಳಬಹುದು, ಊರ ಹಬ್ಬಕ್ಕೆಂದು ಕೇಳಬಹುದು. ಗಂಡಸರ ದುಡ್ಡು ಮತ್ತು ಗಂಡಸರ ಸಾಲ ಮಾತ್ರ ಒಳಗೇ ಇರುತ್ತವೆ. ಕೈಗಾರಿಕಾ ಪ್ರದೇಶಕ್ಕೆಂದು ಸರ್ಕಾರದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ನಮ್ಮ ಹೋಬಳಿಯಲ್ಲಿ ಜಮೀನು ಸ್ವಾಧೀನ ಮಾಡಿಕೊಂಡಾಗಲೂ ಇದನ್ನೇ ಕಂಡೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಮಾಡಿತು, ಕೇಂದ್ರ 2005ರಲ್ಲಿ ಮಾಡಿತು. ಹಾಗಾಗಿ ಪರಿಹಾರದ ಕಾಗದಪತ್ರಕ್ಕೆ ಅಕ್ಕ ತಂಗಿಯರ ಸಹಿ ಬೇಕಾಗುತ್ತದೆ, ಮದುವೆಯಾಗಿ ಹೋದವರನ್ನೂ ಕಾರು ಕಳುಹಿಸಿ ಕರೆಸುತ್ತಾರೆ, ಸೀರೆ ಕೊಟ್ಟು ಊಟ ಹಾಕುತ್ತಾರೆ. ಒಟ್ಟು ಮೊತ್ತ ಎಷ್ಟು ಎಂದು ಹೇಳುವವರು ಕಡಿಮೆ; ಕೇಳಿದವಳಿಗೆ ತವರಿನ ಮೇಲೆ ಪ್ರೀತಿ ಇಲ್ಲ ಎಂಬ ಮಾತು ಬರುತ್ತದೆ. ಆಧುನಿಕತೆ ಎಂಬುದು ನಮ್ಮ ಮನೆಗಳಿಗೆ ಬರಬೇಕಾದದ್ದು ಇಲ್ಲಿಗೆ ಎಂದು ನನಗನಿಸುತ್ತದೆ. ಎಲ್ಲರೂ ಗಂಡಸರಂತೆ ಲೆಕ್ಕವನ್ನು ಒಳಗಿಟ್ಟುಕೊಳ್ಳುವುದು ಸ್ವಾತಂತ್ರ್ಯವೆಂದು ನಾವು ತಿಳಿದಿದ್ದೇವೆ. ಎಲ್ಲರ ಲೆಕ್ಕವೂ ಅಮ್ಮನ ಪುಸ್ತಕದಂತೆ ಮೊಳೆಯ ಮೇಲೆ ಬರಬೇಕು, ಜೊತೆಗೆ ಅವರವರ ದುಡ್ಡಿನ ಬಗ್ಗೆ ಕೊನೆಯ ಮಾತು ಅವರವರದೇ ಆಗಿರಬೇಕು ಎಂಬುದು ನನ್ನ ನಿಲುವು.

ಇದನ್ನು ಮನೆಯಲ್ಲಿ ಹೇಳುವುದು ಸುಲಭವಾಗಿರಲಿಲ್ಲ. ಒಂದು ಭಾನುವಾರ ನನ್ನ ಸಂಬಳದ ಚೀಟಿಯನ್ನು ಚಾಪೆಯ ಮೇಲಿಟ್ಟು, ಇದರಲ್ಲಿ ಮನೆಗೆ ಎಷ್ಟು ಕೊಡಬೇಕೆಂದು ಹೇಳುವ ಮೊದಲು ಮನೆಗೆ ಎಷ್ಟು ಸಾಲವಿದೆ ಎಂದು ತಿಳಿಯಬೇಕು ಎಂದೆ. ಅಪ್ಪನಿಗೆ ಮೊದಲು ಅದು ಲೆಕ್ಕ ಕೇಳಿದ ಹಾಗೆ ಅನಿಸಲಿಲ್ಲ, ದುಡ್ಡು ಕೊಡಲು ಬಂದಂತೆ ಅನಿಸಿತು. "ನೀನು ದುಡಿದಿದ್ದು ನಿನಗಿರ್ಲಿ ಕಣಮ್ಮ, ಮಗಳ ದುಡ್ಡಲ್ಲಿ ಮನೆ ನಡೆಸೋ ಗತಿ ಇನ್ನೂ ಬಂದಿಲ್ಲ" ಎಂದರು. ಅವರ ತಲೆಮಾರಿನ ಮರ್ಯಾದೆಯ ಮಾತು ಅದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಮಗನ ದುಡ್ಡಾದರೆ ಮನೆಯದು, ಮಗಳ ದುಡ್ಡಾದರೆ ಪರರದು ಎಂಬುದು ಅದರೊಳಗೇ ಅಡಗಿದೆ. ದುಡ್ಡು ಆಮೇಲಿನ ಮಾತು, ಈಗ ಲೆಕ್ಕ ಮಾತ್ರ ಸಾಕು ಎಂದೆ. ಅಮ್ಮ ಏನೂ ಹೇಳದೆ ಡೇರಿ ಪುಸ್ತಕವನ್ನೂ ಸಂಘದ ಪುಸ್ತಕವನ್ನೂ ತಂದು ನನ್ನ ಚೀಟಿಯ ಪಕ್ಕದಲ್ಲಿಟ್ಟರು. ಅಪ್ಪ ಎದ್ದು ಹೊರಗೆ ಹೋದರು. ಮರುದಿನ ಹಗಲೆಲ್ಲ ಮಾತಾಡಲಿಲ್ಲ. ಸಂಜೆ ಸೊಪ್ಪು ಹಾಕಿ ಬಂದು, ಸೊಸೈಟಿಯ ಪಾಸ್‌ಬುಕ್ ಜೊತೆಗೆ ಹಳೆಯ ಡೈರಿಯೊಂದನ್ನು ತಂದುಕೊಟ್ಟರು.

ಡೈರಿಯಲ್ಲಿ ಇದ್ದದ್ದು ಬೋರಿನ ಸಾಲ. ಕೋಲಾರದಲ್ಲಿ ರೈತನ ಮನೆಯ ಸಾಲವನ್ನು ಕೆದಕಿದರೆ ಬಹುಮಟ್ಟಿಗೆ ಸಿಗುವುದು ಅದೇ. 2017ರ ಬೇಸಿಗೆಯಲ್ಲಿ ಇದ್ದ ಬೋರು ಬತ್ತಿಹೋಗಿ, ತೋಟ ಒಣಗದಿರಲಿ ಎಂದು ಸಾವಿರದ ಮುನ್ನೂರು ಅಡಿ ಕೊರೆಸಿದ್ದರು, ಧೂಳು ಬಂತು. ಎರಡನೆಯದರಲ್ಲಿ ಒಂದಿಷ್ಟು ನೀರು ಸಿಕ್ಕಿತು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೊಳಚೆ ನೀರು, ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂತು, ಆಮೇಲೆ ಒಂದೊಂದಾಗಿ ಇತರ ಕೆರೆಗಳಿಗೆ ಹರಿಯಿತು. ಆ ನೀರಿನ ಗುಣದ ಬಗ್ಗೆ ಇರುವ ಆತಂಕ ಬೇರೆಯ ವಿಷಯ. ಅಂತರ್ಜಲ ಮೇಲೆ ಬಂದದ್ದಂತೂ ನಿಜ. ಆದರೆ ನೀರು ಮೇಲೆ ಬಂದರೂ ಸಾಲ ಇಳಿಯಲಿಲ್ಲ. ಪರಿಚಯದವರಿಂದ ಪಡೆದ ಒಂದೂವರೆ ಲಕ್ಷ ರೂಪಾಯಿ ಕೈಸಾಲ ನೂರಕ್ಕೆ ಮೂರು ರೂಪಾಯಿ ಬಡ್ಡಿಯ ಮೇಲೆ ನಿಂತಿತ್ತು. ಮೂರು ರೂಪಾಯಿ ಎಂದರೆ ಕಿವಿಗೆ ಸಣ್ಣದಾಗಿ ಕೇಳುತ್ತದೆ. ಅದು ತಿಂಗಳಿನ ಲೆಕ್ಕ. ವರ್ಷಕ್ಕೆ ಶೇ 36. ತಿಂಗಳಿಗೆ 4,500, ವರ್ಷಕ್ಕೆ 54 ಸಾವಿರ. ಮೂರು ವರ್ಷ ತುಂಬುವ ಮೊದಲೇ ಕಟ್ಟಿದ ಬಡ್ಡಿ ಅಸಲನ್ನು ಮೀರುತ್ತದೆ, ಅಸಲು ಇದ್ದಲ್ಲೇ ಇರುತ್ತದೆ. ಅತಿಯಾದ ಬಡ್ಡಿಯನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ 2004ರಿಂದಲೇ ಇದೆ, ಆದರೆ ಊರಿನಲ್ಲಿ ಮುಖ ನೋಡಿಕೊಂಡು ಬದುಕುವವರು ಅದನ್ನು ಹಿಡಿದುಕೊಂಡು ಠಾಣೆಗೆ ಹೋಗುವುದಿಲ್ಲ. ಗೂಡಿನ ದುಡ್ಡು ಪ್ರತಿ ಬೆಳೆಗೂ ಎಲ್ಲಿಗೆ ಹೋಗುತ್ತಿತ್ತು ಎಂಬುದು ಅಂದು ನಮಗೆಲ್ಲ ತಿಳಿಯಿತು. ಅಪ್ಪ ಅದನ್ನು ಹಾಳುಮಾಡಿರಲಿಲ್ಲ, ಕುಡಿದಿರಲಿಲ್ಲ, ಆಡಿರಲಿಲ್ಲ. ಇಷ್ಟು ವರ್ಷ ಒಬ್ಬರೇ ಅದನ್ನು ಹೊತ್ತಿದ್ದರು, ನಮಗೆ ಹೇಳಿದರೆ ನಾವು ಕುಗ್ಗುತ್ತೇವೆ ಎಂದುಕೊಂಡಿದ್ದರು. ಕಂಪನಿಯ ಕಿಟಕಿಗೆ ಬಂದ ಆ ಹುಡುಗ ಹೇಳಿದ್ದೂ ಇದನ್ನೇ.

ಲೆಕ್ಕ ಕಣ್ಣಿಗೆ ಬಿದ್ದ ಮೇಲೆ ದಾರಿ ಕಾಣಲು ಹೆಚ್ಚು ಹೊತ್ತು ಹಿಡಿಯಲಿಲ್ಲ, ದಾರಿ ತೋರಿಸಿದವರೂ ಅಮ್ಮನೇ. ಅವರ ಸಂಘದಲ್ಲಿ ನೂರಕ್ಕೆ ಒಂದು ರೂಪಾಯಿಗೆ ಸಾಲ ಸಿಗುತ್ತದೆ. ಹಿಂದಿನ ಕಂತುಗಳನ್ನು ಒಮ್ಮೆಯೂ ತಪ್ಪಿಸದ ಕಾರಣ ಅವರಿಗೆ ಒಂದು ಲಕ್ಷ ಕೊಟ್ಟರು. ಉಳಿದ ಐವತ್ತು ಸಾವಿರವನ್ನು ಮುಂದಿನ ಬೆಳೆಯ ಗೂಡಿನ ದುಡ್ಡಿನಿಂದ ಕೂಡಿಸಿ ಕೈಸಾಲವನ್ನು ಪೂರ್ತಿ ತೀರಿಸಲಾಯಿತು. ತಿಂಗಳಿಗೆ 4,500 ಇದ್ದ ಬಡ್ಡಿ ಒಂದು ಸಾವಿರಕ್ಕೆ ಇಳಿಯಿತು, ಅಸಲು ಕರಗಿದಂತೆ ಅದೂ ಕರಗುತ್ತದೆ. ಸಂಘದ ಕಂತಿಗೆ ತಿಂಗಳಿಗೆ 5,000 ನನ್ನ ಸಂಬಳದಿಂದ ಹೋಗುತ್ತದೆ. ಅದನ್ನು ಅಪ್ಪ ಒಪ್ಪಿದ್ದು, ಅಮ್ಮನ ಹೆಸರಿನ ಪುಸ್ತಕದಲ್ಲಿ ನಾನು ಕಟ್ಟಿದ್ದು ಎಂದು ಪ್ರತಿ ತಿಂಗಳೂ ಬರೆಯಬೇಕು ಎಂಬ ಷರತ್ತಿನ ಮೇಲೆ. ಅವರ ಮರ್ಯಾದೆಗೆ ಅದು ಬೇಕಿತ್ತು, ನನಗೂ ಅದು ಸರಿ ಎನಿಸಿತು. ಕಚೇರಿಯ ಗೆಳತಿಯರು ಮ್ಯೂಚುವಲ್ ಫಂಡಿನ ಎಸ್‌ಐಪಿ (ಕಂತಿನಲ್ಲಿ ಮಾಡುವ ಹೂಡಿಕೆ) ಬೇಗ ಶುರುಮಾಡು, ಚಿಕ್ಕ ವಯಸ್ಸಿನಲ್ಲಿ ಹಾಕಿದ ದುಡ್ಡು ಹೆಚ್ಚು ಬೆಳೆಯುತ್ತದೆ ಎಂದು ಹೇಳುತ್ತಿರುತ್ತಾರೆ. ಅದು ಸರಿಯಾದ ಮಾತೇ. ಆದರೆ ವರ್ಷಕ್ಕೆ ಶೇ 12 ಬಂದರೆ ಹೆಚ್ಚು ಎನ್ನುವ ಹೂಡಿಕೆಯನ್ನು ಮಗಳು ತನ್ನ ಫೋನಿನಲ್ಲಿ ಮಾಡುತ್ತಾ, ಅದೇ ಮನೆಯಲ್ಲಿ ತಂದೆ ಶೇ 36 ಬಡ್ಡಿ ಕಟ್ಟುತ್ತಾ ಇದ್ದರೆ ಒಟ್ಟಿನಲ್ಲಿ ಆ ಮನೆ ಸೋಲುತ್ತಿರುತ್ತದೆ. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಜಾಣತನವನ್ನೇ ಮಾಡುತ್ತಿರುತ್ತಾರೆ, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕಾಣುತ್ತಿರುವುದಿಲ್ಲ, ಅಷ್ಟೇ. ನನ್ನ ಪಿಎಫ್ ಅದರ ಪಾಡಿಗೆ ಬೆಳೆಯುತ್ತಿದೆ, ಸಂಘದ ಸಾಲ ತೀರಿದ ತಿಂಗಳಿನಿಂದ ಎಸ್‌ಐಪಿ ಶುರುಮಾಡುತ್ತೇನೆ.

ತಮ್ಮ ಡಿಪ್ಲೊಮಾ ಮುಗಿಸಿ ಈಗ ನರಸಾಪುರದ ಕಡೆ ಅಪ್ರೆಂಟಿಸ್ ಆಗಿದ್ದಾನೆ. ಅಪ್ರೆಂಟಿಸ್‌ಗಳಿಗೆ ಸಿಗುವುದು ಸ್ಟೈಪೆಂಡ್, ಅದರಲ್ಲಿ ಪಿಎಫ್ ಇಲ್ಲ, ಆದ್ದರಿಂದ ಇಡೀ ಮೊತ್ತ ಕೈಗೆ ಬರುತ್ತದೆ, ಹಾಗೇ ಕೈಬಿಡುತ್ತದೆ. ಅವನೂ ತನ್ನ ಲೆಕ್ಕವನ್ನು ಚಾಪೆಗೆ ತರಬೇಕು ಎಂದಾಗ ಬಹಳ ಸಿಟ್ಟಾದ. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಮೊದಲ ದುಡಿಮೆಯಲ್ಲಿ ಯಾರನ್ನೂ ಕೇಳದೆ ಒಂದು ಶರ್ಟು ಕೊಳ್ಳುವ ಸುಖ ಸಣ್ಣದಲ್ಲ. ಹಾಗಾಗಿ ಒಂದು ಮಾತು ಗೊತ್ತು ಮಾಡಿಕೊಂಡಿದ್ದೇವೆ. ಸಾಲ ಮತ್ತು ಕಂತು ಯಾರದೇ ಇರಲಿ, ಎಲ್ಲರಿಗೂ ಗೊತ್ತಿರಬೇಕು. ಮನೆಗೆಂದು ಒಪ್ಪಿಕೊಂಡದ್ದನ್ನು ಕೊಟ್ಟ ಮೇಲೆ ಉಳಿದದ್ದನ್ನು ಅವರವರು ಹೇಗೆ ಖರ್ಚು ಮಾಡಿದರು ಎಂದು ಯಾರೂ ಯಾರನ್ನೂ ಕೇಳಬಾರದು. ಇದು ಅಮ್ಮನಿಗೂ ಅನ್ವಯಿಸುತ್ತದೆ. ಗೃಹಲಕ್ಷ್ಮಿಯ ದುಡ್ಡಿನಲ್ಲಿ ಅವರು ಹೋದ ತಿಂಗಳು ಏನು ಕೊಂಡರು ಎಂಬುದು ನಮಗೆ ಯಾರಿಗೂ ತಿಳಿದಿಲ್ಲ. ಅಜ್ಜಿ ಎರಡು ಸಲ ಕೇಳಿದರು, ಅಮ್ಮ ನಕ್ಕು ಸುಮ್ಮನಾದರು.

ಈಗ ನಮ್ಮಲ್ಲಿ ನಡೆಯುತ್ತಿರುವ ಚರ್ಚೆ ನನ್ನ ಮದುವೆಯದು. ಸಾಲ ತೀರಿದ ಮೇಲೆ ನನ್ನ ಸಂಬಳದಲ್ಲಿ ಚೀಟಿ ಫಂಡಿಗೆ ಹಾಕಿ, ಎತ್ತಿದ ದುಡ್ಡಿನಲ್ಲಿ ಒಡವೆ ಮಾಡಿಸಿಡಬೇಕು ಎಂಬುದು ಅಪ್ಪನ ಯೋಚನೆ. ನಾನು ಒಡವೆ ಬೇಡ ಎಂದಿಲ್ಲ, ಎಷ್ಟು ಎಂಬುದನ್ನು ನಾನು ಹೇಳುತ್ತೇನೆ ಎಂದಿದ್ದೇನೆ. ಛತ್ರದ ಖರ್ಚಿಗೆ ಎರಡು ಕಡೆಯವರೂ ಅರ್ಧರ್ಧ ಹಾಕಬೇಕು, ನೋಡಲು ಬರುವವರ ಮನೆಯ ಸಾಲ ಎಷ್ಟು ಎಂಬುದನ್ನು ನಾವು ಕೇಳಬೇಕು, ನಮ್ಮದನ್ನೂ ಹೇಳಬೇಕು ಎಂದಿದ್ದೇನೆ. ಹಾಗೆಲ್ಲ ಕೇಳಿದರೆ ಯಾರು ಬರುತ್ತಾರೆ ಎಂದು ದೊಡ್ಡಮ್ಮ ಬೇಸರ ಮಾಡಿಕೊಂಡಿದ್ದಾರೆ. ಅಪ್ಪ ಇನ್ನೂ ಏನನ್ನೂ ಹೇಳಿಲ್ಲ. ಆದರೆ ಹೋದ ವಾರ ಸಂಬಂಧವೊಂದರ ಮಾತು ಬಂದಾಗ, ಹುಡುಗ ಬೆಂಗಳೂರಿನಲ್ಲಿ ಕಾರು ಇಟ್ಟಿದ್ದಾನೆ ಎಂದು ಬ್ರೋಕರ್ ಹೇಳಿದರೆ, "ಕಾರು ಸ್ವಂತದ್ದಾ, ಕಂತಿಂದಾ?" ಎಂದು ಕೇಳಿದವರು ಅವರೇ.